ತಂಗಿ ಮನೆಯಲ್ಲಿ ಏಳು ದಿನ

ನಮ್ಮ ಶಾಲೆಯ ಸಿಕ್‌ರೂಮಿನಲ್ಲಿ ನಾಲ್ಕು ಮಂಚಗಳಿವೆ. ರಜೆ ಬಂತೆಂದರೆ ಮಕ್ಕಳೆಲ್ಲ ಮನೆಗೆ ಹೋಗುತ್ತಾರೆ, ಹಾಸ್ಟೆಲ್ಲಿಗೆ ಬೀಗ ಬೀಳುತ್ತದೆ, ಔಷಧದ ಕಪಾಟು ಕಾಯಲು ನಾನೊಬ್ಬಳು ಉಳಿಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ನರ್ಸು. ನರ್ಸಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳು ಆಡಿಕೊಳ್ಳುತ್ತವೆ. ಆಡಿಕೊಳ್ಳಲಿ. ಹೊಟ್ಟೆನೋವಿನ ನಾಟಕವಾಡಿ ಲೆಕ್ಕದ ಪರೀಕ್ಷೆ ತಪ್ಪಿಸಿಕೊಳ್ಳುವವರನ್ನು ಮುದ್ದು ಮಾಡಲಿಕ್ಕಾಗುತ್ತದೆಯೇ?

ಯಾವ ಕಾಯಿಲೆಯೂ ಇಲ್ಲದೆ, ರಜೆಯಲ್ಲೇ ಬಂದು, ಕಿಟಕಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವರು ಒಬ್ಬರಿದ್ದರು. ಅವರನ್ನು ಎಲ್ಲರೂ ರಜೆ ಅತ್ತೆ ಎನ್ನುತ್ತಿದ್ದರು. ನಿವೃತ್ತಿಯವರೆಗೆ ನಮ್ಮ ಶಾಲೆಯ ಲೈಬ್ರರಿ ನೋಡಿಕೊಂಡವರು. ಮದುವೆಯಾಗಿರಲಿಲ್ಲ. ಶಾಲೆಯಿಂದ ಹತ್ತು ನಿಮಿಷ ನಡೆದರೆ ಮಹಡಿಯ ಮೇಲೆ ಅವರ ಎರಡು ಕೋಣೆಯ ಮನೆ. ತಂದೆತಾಯಿ ಹೊರದೇಶದಲ್ಲಿ ದುಡಿಯುವ ಮಕ್ಕಳು ನಮ್ಮ ಹಾಸ್ಟೆಲ್ಲಿನಲ್ಲಿ ಯಾವಾಗಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಥವರಿಗೆ ಊರಿನಲ್ಲೇ ಒಬ್ಬ ಗಾರ್ಡಿಯನ್ ಬೇಕೆಂಬುದು ಶಾಲೆಯ ನಿಯಮ. ಸಹಿ ಹಾಕಲು, ಮೀಟಿಂಗಿಗೆ ಬರಲು, ರಜೆಯಲ್ಲಿ ಇಟ್ಟುಕೊಳ್ಳಲು. ಒಂದು ಮಗುವಿನಿಂದ ಶುರುವಾದದ್ದು, ಇಪ್ಪತ್ತು ವರ್ಷದಲ್ಲಿ ಒಂಬತ್ತು ಮಕ್ಕಳಾದವು.

ಸುಮ್ಮನೆ ಊಟ ಹಾಕಿ ಮಲಗಿಸುವ ಪೈಕಿಯಲ್ಲ ಅತ್ತೆ. ಯಾವ ಮಗುವಿಗೆ ಯಾವ ಪಾಠ ಕಬ್ಬಿಣದ ಕಡಲೆ, ಯಾವ ಮೇಷ್ಟ್ರ ಹತ್ತಿರ ಹೋಗಿ ಜಗಳ ಆಡಬೇಕು, ಎಲ್ಲ ಬಾಯಿಪಾಠ. ಮಕ್ಕಳು ದೊಡ್ಡವರಾದಂತೆ ಅಡುಗೆಮನೆಯ ಮೇಜೇ ಕಚೇರಿ. ವಿದೇಶದ ಯೂನಿವರ್ಸಿಟಿಗಳ ಅರ್ಜಿ, ‘ನಾನು ಯಾರು’ ಎಂಬ ಪ್ರಬಂಧ, ವೀಸಾದ ಫೋಟೊದಲ್ಲಿ ಕಿವಿ ಕಾಣುತ್ತದೋ ಇಲ್ಲವೋ ಎಂಬ ತಪಾಸಣೆ. ಇಂಟರ್‌ವ್ಯೂ ಅಭ್ಯಾಸಕ್ಕೆ ತಾವೇ ಕನ್ನಡಕ ಏರಿಸಿಕೊಂಡು ಕೂರುವರು. “ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ. ಯಾಕೆ ಓದ್ಬೇಕು ಅಂತ ಕೇಳಿದ್ರೆ ಯಾಕೆ ಅಂತ ಹೇಳು.” ತಾವು ಮಾತ್ರ ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಅವರ ಮೂರನೆಯ ಹುಡುಗ ವಿದೇಶಕ್ಕೆ ಹೋಗಿ, ಹನ್ನೊಂದು ದಿನ ಕೋಣೆಯ ಬಾಗಿಲು ತೆಗೆಯದೆ ಕೂತು, ವಾಪಸು ಬಂದುಬಿಟ್ಟ. ಓದಿನಲ್ಲಿ ಏನೂ ಕಡಿಮೆ ಇರಲಿಲ್ಲ. ಒಬ್ಬನೇ ಇರಲಿಕ್ಕೆ ಬರುತ್ತಿರಲಿಲ್ಲ, ಅಷ್ಟೇ. “ಇಷ್ಟು ವರ್ಷ ಏನ್ರೀ ಕಲಿಸಿದ್ರಿ ನೀವು?” ಎಂದು ಅವನ ಅಪ್ಪ ಫೋನಿನಲ್ಲಿ ಕೂಗಾಡಿದ. ಹೆತ್ತವನಿಗೆ ಗೊತ್ತಿಲ್ಲದ್ದು ಅತ್ತೆಗೆ ಗೊತ್ತಿರಬೇಕಿತ್ತಂತೆ! ನಾನಾಗಿದ್ದರೆ ಬಿಗಿಯಾಗಿ ನಾಲ್ಕು ಮಾತು ಆಡುತ್ತಿದ್ದೆ. ಅತ್ತೆ ತಪ್ಪಾಯಿತು ಎಂದರು.

ಆಮೇಲೆ ಒಂದು ಪದ್ಧತಿ ಮಾಡಿಕೊಂಡರು. ಹೊರಡುವ ಮೊದಲಿನ ಕೊನೆಯ ರಜೆಯಲ್ಲಿ ಮನೆಯ ಕೀಲಿಕೈಯನ್ನು ಮಗುವಿನ ಕೈಗೆ ಕೊಡುವುದು. ಅಡುಗೆ, ಬಟ್ಟೆ, ಗ್ಯಾಸು, ಜ್ವರ ಬಂದರೆ ಥರ್ಮಾಮೀಟರು, ಎಲ್ಲ ನಿನ್ನದೇ. ನಾನು ಏಳು ದಿನ ತಂಗಿ ಮನೆಗೆ ಹೋಗುತ್ತೇನೆ ಎಂದು ಚೀಲ ಹಿಡಿದು ಹೊರಡುವುದು.

ತಂಗಿಯೂ ಇರಲಿಲ್ಲ, ತಂಗಿಯ ಮನೆಯೂ ಇರಲಿಲ್ಲ. ಮೊದಲ ಸಲ ನನ್ನ ಬಾಗಿಲಲ್ಲಿ ನಿಂತು, “ನರ್ಸಮ್ಮ, ಇದ್ದ ಮನೆ ಬಿಟ್ಟುಕೊಟ್ಟು ಬಂದಿದ್ದೀನಿ. ಒಂದು ಮಂಚ ಕೊಡ್ತೀರಾ?” ಎಂದರು. ನಾನು ಬೈದೆ. ಬೈದುಕೊಂಡೇ ಹಾಸಿಗೆ ಹಾಸಿದೆ.

ಈಗ ಹೇಳುವುದು ಒಂಬತ್ತನೆಯವಳ ವಿಷಯ, ಕೊನೆಯವಳದು. ಒಂಬತ್ತು ವರ್ಷದವಳಿದ್ದಾಗ ಬಂದಿದ್ದಳು ಆ ಹುಡುಗಿ. ಮೊದಲ ರಜೆಯಲ್ಲಿ ಅತ್ತೆ ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳಂತೆ. ಮೀಟಿಂಗಿಗೆ ಬಂದರೂ ಅತ್ತೆಯ ಸೆರಗು, ಅಂಗಡಿಗೆ ಹೋದರೂ ಅತ್ತೆಯ ಸೆರಗು. ಹಾಗಾಗಿ ಬಾಲ ಎಂದೇ ಹೆಸರು ಬಿತ್ತು. ಹದಿನೆಂಟು ತುಂಬಿದರೂ ಬಾಲ ಬಾಲವೇ. ಅತ್ತೆಗೂ ಅವಳೆಂದರೆ ಪ್ರೀತಿ ಒಂದು ತೂಕ ಹೆಚ್ಚು. ಬೇರೆ ಮಕ್ಕಳಿಗೆ ಬೈದಷ್ಟು ಇವಳಿಗೆ ಬೈದದ್ದು ನಾನು ಕೇಳಿಲ್ಲ.

ಬಾಲಳಿಗೆ ದೂರದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಅವಳ ಅಪ್ಪ ಫೋನ್ ಮಾಡಿ ತೀರ್ಮಾನವನ್ನು ಅತ್ತೆಯ ತಲೆಗೇ ಕಟ್ಟಿದರು. “ಅವಳನ್ನ ನೋಡಿರೋರು ನೀವು. ಒಬ್ಬಳೇ ಇರ್ತಾಳೆ ಅಂತ ನೀವು ಹೇಳಿದ್ರೆ ಈ ವರ್ಷವೇ ಕಳಿಸ್ತೀವಿ. ಇಲ್ಲಾಂದ್ರೆ ಸೀಟು ಒಂದು ವರ್ಷ ಕಾಯುತ್ತೆ, ನಿಮ್ಮ ಹತ್ರಾನೇ ಇನ್ನೊಂದು ವರ್ಷ ಇರ್ಲಿ.”

ಬಾಲಳ ಕೈಗೆ ಕೀಲಿಕೈ ಕೊಟ್ಟು ಬಂದ ದಿನ ಆ ಮಾತನ್ನು ನನಗೆ ಹೇಳುವಾಗ ಅತ್ತೆ ಮಂಚದ ಮೇಲೆ ಕೂತು ದಿಂಬಿನ ಚೀಲವನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು.

“ಇನ್ನೊಂದು ವರ್ಷ, ನರ್ಸಮ್ಮ,” ಎಂದರು.

“ಅಯ್ಯೋ, ಹಂಗಾದ್ರೆ ಆಗಲ್ಲ ಅಂತ ಹೇಳ್ಬಿಡಿ. ಯಾರು ಕೇಳ್ತಾರೆ?”

“ಅವಳು ಸೋತ್ರೆ ಹೇಳ್ತೀನಿ. ಗೆದ್ರೆ ಹೆಂಗೆ ಹೇಳ್ಲಿ?”

ಮೂರು ದಿನ ಹೇಗೋ ಕಳೆಯಿತು. ಹೊರಗೆ ಕಾಲಿಟ್ಟರೆ ಬಾಲಳ ಕಣ್ಣಿಗೆ ಬೀಳುವ ಭಯ. ಹಗಲೆಲ್ಲ ಒಳಗೇ ಕೂತು ನನ್ನ ಬ್ಯಾಂಡೇಜುಗಳನ್ನು ಸುತ್ತಿಕೊಟ್ಟರು, ಔಷಧದ ಸೀಸೆಗಳಿಗೆಲ್ಲ ಲೈಬ್ರರಿ ಪುಸ್ತಕದಂತೆ ಚೀಟಿ ಅಂಟಿಸಿದರು. ಈಗ ಕೆಮ್ಮಿನ ಔಷಧ ಹುಡುಕಲು ನನಗೇ ಹತ್ತು ನಿಮಿಷ ಬೇಕು.

ನಾಲ್ಕನೆಯ ದಿನ ಸಂಜೆ ಐದಕ್ಕೆ ಫೋನು ಬಂತು. ಅತ್ತೆಗೆ ಕಿವಿ ಸ್ವಲ್ಪ ಮಂದ, ಫೋನಿನ ದನಿ ಯಾವಾಗಲೂ ಜೋರಾಗಿಯೇ ಇರುತ್ತಿತ್ತು. ಆ ಹುಡುಗಿ ಬಿಕ್ಕುವುದು ನನಗೂ ಕೇಳಿತು.

“ಏನಾಯ್ತೇ ಮರಿ? ಬಿದ್ಯಾ? ಜ್ವರವಾ?”

“ಏನೂ ಆಗಿಲ್ಲ ಅತ್ತೆ. ಏನೂ ಆಗ್ತಾನೇ ಇಲ್ಲ. ಬಂದ್ಬಿಡಿ.”

ಅತ್ತೆ ಆಗಲೇ ಎದ್ದು ನಿಂತಿದ್ದರು. ಒಂದು ಕಾಲಿಗೆ ಚಪ್ಪಲಿಯೂ ಏರಿತ್ತು. ನನಗೆ ತಡೆಯಲಾಗಲಿಲ್ಲ. ಹೋಗಿ ಎಂದು ಕೈಸನ್ನೆ ಮಾಡಿದೆ, ಚೀಲವನ್ನೂ ಎತ್ತಿ ಮುಂದೆ ಹಿಡಿದೆ. ಹತ್ತು ನಿಮಿಷದ ದಾರಿ. ಹೋದರೆ ಆಯಿತು, ಇನ್ನೊಂದು ವರ್ಷ ಆ ಮನೆಯಲ್ಲಿ ಎರಡು ತಟ್ಟೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅತ್ತೆ ಚೀಲ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಮಂಚದ ಮೇಲೆ ಕೂತರು.

“ಇವತ್ತು ಬಸ್ಸಿಲ್ಲ ಮರಿ,” ಎಂದರು. “ಮಧ್ಯಾಹ್ನ ಏನು ತಿಂದೆ?”

“ಏನೂ ಇಲ್ಲ.”

“ಅದಕ್ಕೇ ಅಳು. ಹೊಟ್ಟೆ ಖಾಲಿ ಇದ್ರೆ ಎಂಥ ಗಟ್ಟಿಗಿತ್ತಿಗೂ ಅಳು ಬರುತ್ತೆ. ಒಂದು ಲೋಟ ಅಕ್ಕಿ ತೊಳೆದು ಇಡು. ಎರಡು ಮೊಟ್ಟೆ ಬೇಯಿಸ್ಕೋ. ತಿಂದಾದ್ಮೇಲೆ ಫೋನ್ ಮಾಡು, ಮಾತಾಡೋಣ.”

ಫೋನು ಇಟ್ಟ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. ಕಲ್ಲು ಮನಸ್ಸು ಎಂದೆ, ಮಗು ಅಳುತ್ತಿದ್ದರೆ ಅಕ್ಕಿಯ ಮಾತಾಡುತ್ತೀರಲ್ಲ ಎಂದೆ. ಅತ್ತೆ ಇನ್ನೊಂದು ಚಪ್ಪಲಿ ಹಾಕಿಕೊಳ್ಳಲಿಲ್ಲ, ಹಾಕಿಕೊಂಡದ್ದನ್ನು ಕಳಚಲೂ ಇಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಫೋನು ಬಂತು. ಅನ್ನ ತಳ ಹಿಡಿದಿದೆ, ಪಾತ್ರೆ ಉಜ್ಜಿದರೂ ಬಿಡುತ್ತಿಲ್ಲ, ಏನು ಮಾಡಲಿ ಎಂದಳು ಬಾಲ. ನೀರು ಹಾಕಿ ನೆನೆಸಿಡು ಎಂದರು ಅತ್ತೆ. ಹುಡುಗಿ ಮೂಗೊರೆಸಿಕೊಂಡು ನಕ್ಕದ್ದು ಕೇಳಿತು.

ಐದನೆಯ ದಿನ ಫೋನು ಬರಲಿಲ್ಲ. ಆರನೆಯ ದಿನವೂ ಇಲ್ಲ. ಅತ್ತೆ ಫೋನನ್ನು ಚಾರ್ಜಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕಿಟಕಿಯ ಹತ್ತಿರ ಸಿಗ್ನಲ್ ಚೆನ್ನಾಗಿರುತ್ತದೆ ಎಂದು ಅಲ್ಲಿಟ್ಟರು. ಕೊನೆಗೆ, “ನರ್ಸಮ್ಮ, ನನ್ನ ನಂಬರಿಗೆ ಒಂದು ಸಲ ಫೋನ್ ಮಾಡಿ ನೋಡಿ, ಕೆಟ್ಟು ಗಿಟ್ಟು ಹೋಗಿದೆಯೇನೋ,” ಎಂದರು. ಮಾಡಿದೆ. ಅದು ಕೋಣೆಯೆಲ್ಲ ಕೇಳುವಂತೆ ಬಡಿದುಕೊಂಡಿತು. ಸರಿಯಾಗಿಯೇ ಇದೆ ಎಂದು ಅವರು ನಿಧಾನವಾಗಿ ಒತ್ತಿ ನಿಲ್ಲಿಸಿದರು.

ಏಳನೆಯ ದಿನ ಬೆಳಿಗ್ಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟರು. ಇದ್ದಕ್ಕಿದ್ದಂತೆ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ನಾನು ಕಿಟಕಿ ಪಕ್ಕದ ಮಂಚದ ಹೊದಿಕೆ ತೆಗೆದು ಒಗೆಯಲು ಹಾಕಿದೆ.

ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಸದ್ದಾಯಿತು. ಅತ್ತೆ. ಕೈಯಲ್ಲಿ ಅದೇ ಚೀಲ.

“ಏನಾದ್ರೂ ಮರೆತು ಹೋದ್ರಾ?”

“ಇಲ್ಲ. ಇನ್ನೆರಡು ದಿನ ಜಾಗ ಇದೆಯಾ ನರ್ಸಮ್ಮ?”

ಕೂರಿಸಿ ನೀರು ಕೊಟ್ಟೆ. ಮನೆ ಲಕಲಕ ಅನ್ನುತ್ತಿತ್ತಂತೆ. ಬಟ್ಟೆ ಒಗೆದು ಮಡಿಸಿತ್ತು, ಅಡುಗೆಮನೆಯ ಮೇಜು ಕಿಟಕಿಯ ಕಡೆಗೆ ತಿರುಗಿತ್ತು. ಬಾಲ ಅನ್ನ ಬಡಿಸಿದಳಂತೆ, ಒಂದು ಅಗುಳೂ ತಳ ಹಿಡಿದಿರಲಿಲ್ಲವಂತೆ. ಊಟವಾದ ಮೇಲೆ, ನಾಳೆ ಕ್ಲಾಸಿನ ಗೆಳತಿಯರಿಬ್ಬರು ಬರುತ್ತಾರೆ, ನಾನೇ ಅಡುಗೆ ಮಾಡಿ ಹಾಕಬೇಕು ಅಂತಿದ್ದೀನಿ, ಇನ್ನೆರಡು ದಿನ ತಂಗಿ ಮನೇಲಿ ಇರೋಕಾಗಲ್ವಾ ಅತ್ತೆ ಎಂದು ಕೇಳಿದಳಂತೆ.

“ನೀವೇನಂದ್ರಿ?”

“ಅದಕ್ಕೇನು, ನನ್ನ ತಂಗಿ ಬಿಡ್ತಾನೇ ಇರ್ಲಿಲ್ಲ ಅಂದೆ.”

ಆಮೇಲೆ ನನ್ನೆದುರಿಗೇ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದರು. ದನಿ ಒಂದಿಷ್ಟೂ ನಡುಗಲಿಲ್ಲ. “ಕಳಿಸಿ ಸರ್. ಒಬ್ಬಳೇ ಇರ್ತಾಳೆ. ಚೆನ್ನಾಗಿರ್ತಾಳೆ. ಈ ವರ್ಷವೇ ಕಳಿಸಿ.” ಆ ಕಡೆಯಿಂದ ಥ್ಯಾಂಕ್ಸ್ ಬಂತು, ಸಾಲಾಗಿ ನಾಲ್ಕು ಸಲ.

ಫೋನು ಕೆಳಗಿಟ್ಟವರು ಗೋಡೆ ಕಡೆಗೆ ಮುಖ ಮಾಡಿ ಕೂತರು. “ನಾನು ಒಳ್ಳೆಯವಳಲ್ಲ, ನರ್ಸಮ್ಮ. ಆ ಎರಡು ದಿನ ಮಗು ಇನ್ನೊಂದು ಸಲ ಅಳ್ಲಿ ಅಂತ ಕಾದೆ. ಅತ್ತು ಫೋನ್ ಮಾಡಿದ್ರೆ ಓಡಿಬಿಡ್ತಿದ್ದೆ,” ಎಂದರು. ಆಮೇಲೆ ಅತ್ತರು. ಇಪ್ಪತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಬೇರೆ ಹೊದಿಕೆ ತಂದು ಮಂಚಕ್ಕೆ ಹಾಸಿದೆ, ದಿಂಬು ತಟ್ಟಿ ಇಟ್ಟೆ. “ಎರಡು ದಿನ ತಾನೇ, ಕಳೆದುಹೋಗುತ್ತೆ ಬಿಡಿ,” ಎಂದೆ.

“ಅದಾದ್ಮೇಲೆ, ಅವಳೂ ಹೋದ್ಮೇಲೆ, ಎಲ್ಲಿಗೆ ಹೋಗ್ಲಿ, ನರ್ಸಮ್ಮ?” ಎಂದು ಅತ್ತೆ ಕೇಳಿದರು. “ನನ್ನ ಮನೆಗಾ?”