ಕೆಡದ ಫೋನುಗಳ ರಿಪೇರಿಯವನು

ಫೋಟೋಗಳೆಲ್ಲ ಅಳಿಸಿಹೋಗಬಹುದು, ಹೊಸ ಫೋನಿನ ಗಾಜು ಒಡೆಯಬಹುದು, ನಂಬರುಗಳು ಮಾಯವಾಗಿ ಹೆಂಡತಿಯ ನಂಬರೂ ನನಗೆ ಬಾಯಿಪಾಠವಿಲ್ಲವೆಂಬುದು ಅವಳಿಗೆ ಗೊತ್ತಾಗಬಹುದು. ಹಳೆಯ ಫೋನಿಗೆ ಇನ್ನು ಹೊಸ ಸಿಸ್ಟಂ ಬರುವುದಿಲ್ಲವೆಂದು ತಿಳಿದ ದಿನವೇ ಹೆದರಿ ಹೊಸದು ಕೊಂಡವನು ನಾನು. ಹಳೆಯದರಲ್ಲಿದ್ದದ್ದನ್ನು ಹೊಸದಕ್ಕೆ ಹಾಕಿಸಲು ಯಾದಗಿರಿ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಹೋದಾಗ ಇಷ್ಟೆಲ್ಲ ಭಯಗಳು ಜೊತೆಗಿದ್ದವು.

ರಿಪೇರಿಯವನಿಗೆ ಅದು ಹತ್ತು ನಿಮಿಷದ ಕೆಲಸ. ಮುಗಿಸಿ, ಕೂಸಿನ ಜ್ವರ ನೋಡುವಂತೆ ನನ್ನ ಹಳೆಯ ಫೋನಿನ ಬೆನ್ನು ಮುಟ್ಟಿ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ: "ಇದು ಸತ್ತಿಲ್ರಿ. ಕಂಪನಿಯವ್ರು ಬಿಟ್ಟು ಹೋಗ್ಯಾರ."

ಅಷ್ಟರಲ್ಲಿ ಮುದನಾಳದ ಕಡೆಯ ಅಂಗನವಾಡಿ ಶಿಕ್ಷಕಿಯೊಬ್ಬರು ಬಂದರು. ಮಕ್ಕಳ ಹಾಜರಿ ಹಾಕುವ ಆ್ಯಪ್ ಹೊಸ ಸಿಸ್ಟಂ ಕೇಳುತ್ತಿತ್ತು. ಅವರ ಫೋನಿಗೂ ಅದು ಬರುವಂತಿರಲಿಲ್ಲ.

"ಇವತ್ತ ಹಾಜರಿ ಹೋಗ್ಲಿಲ್ಲಂದ್ರ ಮಕ್ಕಳ ತತ್ತಿ ನಿಲ್ತಾವಣ್ಣ."

ಆತ ಅವರ ಫೋನಿನ ಬೆನ್ನು ಬಿಚ್ಚಿ ಅವರ ಮುಂದೆಯೇ ಹಿಡಿದ. "ಎಲ್ಲಿ ಕೆಟ್ಟದ, ತೋರಸ್ರಿ ಅಕ್ಕೋರ. ಹೊಸಾ ಸಿಸ್ಟಂ ಬರೋ ತನಕ ಮಕ್ಕಳು ಹಸಿವು ತಡಕೊಂಡು ಕುಂದ್ರಬೇಕೇನು?"

ಕಾಣದ ಕಂಪನಿಯನ್ನು ಬೈಯುತ್ತಲೇ ತನ್ನ ಸ್ವಂತ ಫೋನಿನ ಸಿಮ್ ತೆಗೆದು, ಅದರೊಳಗೆ ಅವರ ಸಿಮ್ ಹಾಕಿ ಕೊಟ್ಟ. "ಬ್ಯಾರೆದು ಆಗೂ ತನಕ ಇದನ್ನ ಇಟ್ಕೋರಿ."

ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆಗಿದ್ದು ಇಷ್ಟೇ: ಆತ ಸಿಮ್ ಬದಲಿಸುವಷ್ಟು ಹೊತ್ತೂ, ಯಾರೂ ನನ್ನನ್ನು ಏನೂ ಕೇಳದಿದ್ದರೂ, ಕಿಸೆಯೊಳಗಿನ ಹೊಸ ಫೋನಿನ ಮೇಲೆ ಕೈ ಒತ್ತಿಕೊಂಡು ನಿಂತಿದ್ದೆ.