ಅತ್ತೆಯ ಗಿರಾಕಿ

ಬೆಳಿಗ್ಗೆ ಸೊಪ್ಪಿನವಳು ಬುಟ್ಟಿ ಇಳಿಸಿದಾಗ ಸಬ್ಬಸಿಗೆಯ ವಾಸನೆ ಮೂಗಿಗೆ ಬಡಿಯಿತು. ತರೀಕೆರೆಯ ಈ ಮನೆಯಲ್ಲಿ ನಾನು ಆ ಸೊಪ್ಪು ಬೇಯಿಸುವುದಿಲ್ಲ. ಯಾಕೆಂದು ಯಾರೂ ಕೇಳಿಲ್ಲ...

ನನ್ನ ತವರೂರು ಶಿವನಿಯಲ್ಲಿ ನಮ್ಮ ಪಕ್ಕದ ಮನೆಯವಳು ಅಪ್ಪನನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಅತ್ತೆ. ನನಗೆ ಹತ್ತು ವರ್ಷವಿದ್ದಾಗ ಊರಿಗೆ ಬಂದ ಜ್ವರದಲ್ಲಿ ಅವಳ ಗಂಡ ಹೋದ, ಅದೇ ವಾರ ನನ್ನ ಅಮ್ಮನೂ ಹೋದಳು. ತಮ್ಮನಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಅತ್ತೆಗೂ ಮೊಲೆ ಕುಡಿಯುವ ಮಗಳಿದ್ದಳು. ಯಾರೂ ಕೇಳುವ ಮೊದಲೇ ಬಂದು ತಮ್ಮನನ್ನು ಸೆರಗಿನೊಳಗೆ ಹಾಕಿಕೊಂಡಳು.

ಅಪ್ಪನಿಗೆ ಸಂಕೋಚ. ಒಂದು ದಿನ ದುಡ್ಡು ಕೊಡಲು ಹೋದರು. ಅತ್ತೆ ರೇಗಿದಳು.

“ಏನಣ್ಣಾ ಇದು? ದುಡ್ಡು ಇಸ್ಕೊಂಡ್ರೆ ಇವನು ನನ್ ಗಿರಾಕಿ ಆಗೋಯ್ತಾನೆ ಕಣಣ್ಣಾ!”

ಆಮೇಲೆ ಅವಳಿಗೇ ನಗು ಬಂತು. ಅಂದಿನಿಂದ ತಮ್ಮನ ಹೆಸರೇ ಗಿರಾಕಿ. ಹಾಲು ಹೆಚ್ಚಲೆಂದು ಅಪ್ಪ ಹಿತ್ತಲಲ್ಲಿ ಸಬ್ಬಸಿಗೆ ಬಿತ್ತಿದರು. ದಿನಾ ಒಂದು ಹಿಡಿ ಕಿತ್ತು ಅವಳ ಹೊಸಿಲ ಮೇಲಿಡುವುದು ನನ್ನ ಕೆಲಸ. ಅದನ್ನು ಅವಳು ಬೇಡವೆನ್ನಲಿಲ್ಲ.

ಎರಡು ತಿಂಗಳಾದ ಮೇಲೆ ಕಡೂರಿನ ಕೊಬ್ಬರಿ ಸಾಹುಕಾರರ ಮನೆಯಿಂದ ಆಳು ಬಂದ. ಅವರ ಸೊಸೆಗೆ ಹಾಲಿರಲಿಲ್ಲ. ಮೂರು ತಿಂಗಳು ಅಲ್ಲೇ ಇದ್ದರೆ ಸಂಬಳ, ಮೇಲೆ ರಾಗಿ. ಬೇರೆ ಯಾವ ಮಗುವಿಗೂ ಮೊಲೆ ಕೊಡಕೂಡದು, ಹೆತ್ತ ಮಗಳಿಗೂ. ಅತ್ತೆಯ ಮನೆಯಲ್ಲಿ ಗಂಡನ ಕಣ್ಣು ಕಾಣದ ತಾಯಿ, ಇನ್ನೆರಡು ಮಕ್ಕಳು, ಬರಿದಾದ ರಾಗಿ ಮಡಕೆ.

“ಮೂರೇ ತಿಂಗ್ಳು ಕಣಣ್ಣಾ, ಬಂದ್ಬಿಡ್ತೀನಿ,” ಎಂದಳು. ಅಪ್ಪ ತಲೆಯಾಡಿಸಿದರು.

ಅವಳ ಮಗಳಿಗೆ ಮೇಕೆ ಹಾಲು ಒಗ್ಗಿತು. ತಮ್ಮನಿಗೆ ಒಗ್ಗಲಿಲ್ಲ. ಒಂಬತ್ತನೆಯ ದಿನ ಅಳುವುದನ್ನು ನಿಲ್ಲಿಸಿದ. ನಾನು ಅತ್ತ ನೆನಪಿಲ್ಲ. ಹಿತ್ತಲಲ್ಲಿ ಸಬ್ಬಸಿಗೆ ಹೂ ಬಿಟ್ಟಿತು...

ದುಃಖವಾದರೆ ಹಾಲು ಕೆಡುತ್ತದೆಂದು ಸಾಹುಕಾರರ ಮನೆಯವರು ಸುದ್ದಿ ಮುಟ್ಟಿಸಿರಲಿಲ್ಲ. ಮೂರು ತಿಂಗಳು ಮುಗಿಸಿ ಅತ್ತೆ ರೈಲಿಳಿದವಳು ನೇರ ನಮ್ಮ ಬಾಗಿಲಿಗೆ ಬಂದು ಕೈ ಚಾಚಿದಳು.

“ಎಲ್ಲೇ ನನ್ ಗಿರಾಕಿ?”

ಅಪ್ಪ ಒಳಗೆ ಹೋದರು. ನಾನೇ ಹೇಳಬೇಕಾಯಿತು. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಆಮೇಲೆ ಅವಳು ಅಪ್ಪನನ್ನು ಅಣ್ಣ ಎಂದು ಕರೆದದ್ದು ನಾನು ಕೇಳಲಿಲ್ಲ.

ಅವಳೂ ಹೋಗಿ ವರ್ಷಗಳಾದವು. ಸಾಹುಕಾರರ ಮೊಮ್ಮಗ ಚೆನ್ನಾಗಿ ಬೆಳೆದನಂತೆ. ಯಾರ ಮೇಲಾದರೂ ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ.

ಸೊಪ್ಪಿನವಳು ಇನ್ನೂ ನಿಂತಿದ್ದಳು. “ತಗೊಳ್ಳಮ್ಮಾ, ಇವತ್ತು ನೀನೇ ಮೊದ್ಲ ಗಿರಾಕಿ.”

ಒಂದು ಕಟ್ಟು ಕೊಂಡೆ. ಹೊಸಿಲ ಮೇಲಿಟ್ಟಿದ್ದೇನೆ, ಒಳಗೆ ತಂದಿಲ್ಲ.