ಮುತ್ಯಾನ ಸಣ್ಣ ದನಿ

ನೂಲಿಗೆ ಹಚ್ಚಿದ ಗಂಜಿ ಬಿಸಿಲಿಗೆ ಒಣಗುವಾಗ ಒಂದು ಹುಳಿ ವಾಸನೆ ಬರುತ್ತದೆ. ಈಗಲೂ ಎಲ್ಲಾದರೂ ಅದು ಮೂಗಿಗೆ ಬಡಿದರೆ ನಾನು ಬನಹಟ್ಟಿಯ ನಮ್ಮ ಪಡಸಾಲಿಯಲ್ಲಿ, ನನ್ನಪ್ಪನ ಅಪ್ಪ ಮುತ್ಯಾನ ಮಗ್ಗುಲಲ್ಲಿ ಕೂತಿರುತ್ತೇನೆ. ರಾಜರ ಆಳಿಕೆಯ ಕಾಲ ಅದು. ಮನೆ ತುಂಬ ಮಗ್ಗಗಳ ಖಟಪಟ. ಆ ಸದ್ದನ್ನು ಮೀರಿ ಓಣಿಯ ತುದಿಯವರೆಗೆ ಕೇಳುತ್ತಿದ್ದ ಮುತ್ಯಾನ ಗಂಟಲು ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಉಡುಗಿಹೋಗಿತ್ತು. ಕಂಪವಾತ ಅಂದರು ವೈದ್ಯರು. ಮೊದಲು ಬಲಗೈ ನಡುಗಿತು, ಆಮೇಲೆ ಮುಖ ಬಿಗಿಯಿತು. ನಗು ಒಳಗಿದ್ದರೂ ತುಟಿಗೆ ಬರುತ್ತಿರಲಿಲ್ಲ. ಮಾತು ಶುರುವಾಗಲಿಕ್ಕೇ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಎದುರಿನವರು ಅವನ ಮಾತನ್ನು ತಾವೇ ಮುಗಿಸಿಯೋ, ಕಿವುಡನಿಗೆ ಹೇಳುವಂತೆ ಒದರಿಯೋ ಎದ್ದು ಹೋಗುತ್ತಿದ್ದರು. ಹಾಗೆ ಹೋಗದವಳು ಅಪ್ಪನ ತಂಗಿ ನೀಲವ್ವತ್ತಿ ಒಬ್ಬಳೇ. ಮಗ್ಗ ನಿಲ್ಲಿಸಿ ಬಂದು, ಮುತ್ಯಾನ ಮುಖಕ್ಕೆ ಮುಖ ಕೊಟ್ಟು ಕೂತು ಕಾಯುತ್ತಿದ್ದಳು. ಅವನ ಬಾಯಿಂದ ಅವಳು ಮಾತು ಕಸಿದುಕೊಂಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಅತ್ತಿಯನ್ನು ನೋಡಲು ಮುಧೋಳದಿಂದ ವರನ ಕಡೆಯವರು ಬಂದರು. ಅವಲಕ್ಕಿ, ಚಹಾ ಆಯಿತು. ವರನ ಸೋದರಮಾವ ಮುತ್ಯಾನ ಕಡೆ ತಿರುಗಿ, "ಹುಡುಗ ಮನಸ್ಸಿಗೆ ಬಂದಾನೇನ್ರಿ, ಯಜಮಾನ್ರ?" ಎಂದ. ಮುತ್ಯಾ ಕಲ್ಲಿನಂಥ ಮುಖದಲ್ಲಿ ಸುಮ್ಮನೆ ನೋಡಿದ. ಅಪ್ಪ ಗಾಬರಿಯಾಗಿ, "ಬಂದಾನ್ರಿ, ಬಂದಾನ್ರಿ," ಎಂದು ನಡುವೆ ಬಾಯಿ ಹಾಕಿದ. "ನಿಮ್ಮನ್ನ ಕೇಳಿಲ್ರೀ. ಹಿರೇರು ಮಾರಿ ಬಿಗದಾರ. ಅವರಿಗೆ ಒಪ್ಪಿಗಿಲ್ಲ, ನಾವು ಬರ್ತೀವಿ," ಎಂದು ಮಾವ ರುಮಾಲು ಸರಿಮಾಡಿಕೊಂಡು ಎದ್ದ.

ಆಗ ಅತ್ತಿ ಒಳಗಿನಿಂದ ಹೊರಬಂದಳು. ನೋಡಲು ಬಂದ ಗಂಡಸರ ಮುಂದೆ ಹೆಣ್ಣು ಬಾಯಿ ತೆರೆಯುವ ಕಾಲವಲ್ಲ ಅದು. "ಸಿಟ್ಟಲ್ರೀ, ಬ್ಯಾನಿ ಅದು. ಮಾತು ಬರಾಕ ಹೊತ್ತು ಹಿಡಿತೈತ್ರಿ. ಸ್ವಲ್ಪ ಕೂಡ್ರಿ," ಎಂದವಳೇ ಮಗ್ಗದವರಿಗೆ ಕೈಸನ್ನೆ ಮಾಡಿದಳು. ಖಟಪಟ ನಿಂತಿತು. ಮುತ್ಯಾನ ಎದುರು ಕೂತು, "ಅಪ್ಪಾ, ಸಾವಕಾಶ ಹೇಳು. ಯಾರಿಗೂ ಅವಸರಿಲ್ಲ," ಎಂದಳು. ಮಾವ ನಿಂತೇ ಇದ್ದ. ವರ ಮಾತ್ರ ಜಮಖಾನೆಯ ಮೇಲೆ ಸರಿದು ಹತ್ತಿರ ಬಂದು ಕಿವಿಗೊಟ್ಟ. ಮುತ್ಯಾನ ತುಟಿ ನಡುಗಿ, ನಿಂತು, ಮತ್ತೆ ನಡುಗಿ, ಕೊನೆಗೆ ಮಾತು ಹೊರಬಿತ್ತು.

"ನನ್ನ ಮಗಳ ಮಾತು... ಹಿಂಗ ಕೇಳ್ತೀಯೇನಪಾ?"

"ಕೇಳ್ತೀನ್ರೀ," ಎಂದ ಆತ. ಮಾವ ಮೆಲ್ಲಗೆ ಕೂತ.

ಮದುವೆಯಾಗಿ ಅತ್ತಿ ಹೊರಟ ದಿನ, ಹೊತ್ತು ಮುಳುಗುವುದರೊಳಗೆ ಮುಧೋಳ ಮುಟ್ಟಬೇಕೆಂದು ಬೀಗರು ಗಾಡಿ ಹೂಡಿ ಅವಸರ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತ ಮುತ್ಯಾನಿಗೆ ಮಾತೇ ಹೊರಡಲಿಲ್ಲ. ಅತ್ತಿ ಗಾಡಿಯಿಂದ ಇಳಿದು ಬಂದು ಅವನ ಕೈ ಹಿಡಿದಳು. ಹಿಂದೆಯೇ ಅವಳ ಗಂಡನೂ ಇಳಿದ. ಬೀಗರ ಗದ್ದಲ ಅಡಗಿತು, ಓಣಿಯ ಹೆಂಗಸರು ಮಕ್ಕಳನ್ನು ಸುಮ್ಮನಿರಿಸಿದರು. ಬಹಳ ಹೊತ್ತಿನ ಮೇಲೆ ಮುತ್ಯಾ, "ಹೋಗಿ ಬಾ, ನೀಲಾ," ಅಂದ.

ಮುಂದಿನ ಬೇಸಿಗೆಯಲ್ಲಿ ಮುತ್ಯಾ ತೀರಿಹೋದ. ಅತ್ತಿಯೂ ಅಪ್ಪನೂ ಈಗಿಲ್ಲ. ಆ ಪಡಸಾಲಿ ಇದ್ದಲ್ಲಿ ಬೇರೆಯವರ ಗೋಡೆ ಎದ್ದಿದೆ. ನೀವೂ ಇಂಥದೊಂದು ಮನೆಯನ್ನು ಕಳೆದುಕೊಂಡವರಿರಬಹುದು. ಅಷ್ಟು ಸಣ್ಣ ದನಿಗಾಗಿ ಒಂದು ಇಡೀ ಓಣಿ ಉಸಿರು ಹಿಡಿದು ನಿಂತದ್ದನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.